20 ಶೀಟು, ಒಂದು ತೂತು: ಹಳೇ ಕಾರಿನ ಸದ್ದು ಇಳಿಸಿದ ಕಥೆ

2024ರ ಏಪ್ರಿಲ್ 10, ವರ್ಷತೊಡಕಿನ ದಿನ. ಹಾಸನದಿಂದ ಮಂಗಳೂರಿಗೆ, ನಾದಿನಿ ಮನೆಗೆ ಹೊರಟಿದ್ದೆವು. ಸಕಲೇಶಪುರ ದಾಟಿದ ಮೇಲೆ ಹೆಗ್ಗದ್ದೆ ಹತ್ತಿರ ಕಾಂಕ್ರೀಟ್ ರಸ್ತೆ ಶುರುವಾಗುತ್ತೆ, ಅಲ್ವಾ? ಅಲ್ಲಿಂದ ಅಡ್ಡಹೊಳೆವರೆಗೆ ಸುಮಾರು 26 ಕಿಲೋಮೀಟರ್ ಅದೇ ಕಾಂಕ್ರೀಟು. ಅದರ ಮೇಲೆ ಹತ್ತಿದ ತಕ್ಷಣ ನಮ್ಮ ಕಾರಿನೊಳಗೆ ಹಿಟ್ಟಿನ ಗಿರಣಿ ಶುರುವಾಯಿತು. ಹಿಂದಿನ ಸೀಟಿನಿಂದ ಮಾವನವರು ಏನೋ ಹೇಳುತ್ತಿದ್ದರು. ನಾನು ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಿದ್ದೆ. ಗುಂಡ್ಯದಲ್ಲಿ ಕಾಫಿಗೆ ನಿಲ್ಲಿಸಿದಾಗ ಗೊತ್ತಾಯಿತು, ಪಾಪ ಅರ್ಧ ಗಂಟೆಯಿಂದ 'ಒಂದಕ್ಕೆ ಹೋಗಬೇಕು, ಸ್ವಲ್ಪ ನಿಲ್ಲಿಸಿ' ಅಂತ ಕೇಳುತ್ತಿದ್ದರಂತೆ.

ಕಾರು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 78,000 ಕಿ.ಮೀ. ಓಡಿದೆ. ಏರ್‌ಬ್ಯಾಗ್ ಇಲ್ಲದ ಕೆಳಗಿನ ಮಾಡೆಲ್. ಕಂಪನಿ ಹೆಸರು ಬೇಡ, ತಪ್ಪೆಲ್ಲ ಕಂಪನಿಯದಲ್ಲ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ. ಆ ದಿನದಿಂದ ಆಗಸ್ಟ್‌ವರೆಗೆ ಏನೇನು ಮಾಡಿದೆ, ಏನೇನು ಕೆಡಿಸಿದೆ ಅಂತ ಬರೆದಿಟ್ಟಿದ್ದೇನೆ.

ಏಪ್ರಿಲ್ 13: ಮೊದಲು ಅಳತೆ

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡೆ. ಫೋನಿನ ಅಂಕಿ ಪಕ್ಕಾ ಅಲ್ಲ. ಆದರೆ ಅದೇ ಫೋನು, ಅದೇ ಜಾಗ, ಅದೇ ರಸ್ತೆ ಇಟ್ಟುಕೊಂಡರೆ ಹಿಂದೆ-ಮುಂದೆ ಹೋಲಿಸೋಕೆ ಸಾಕು. ಮಗಳು ಮುಂದಿನ ಎಡಗಡೆ ಸೀಟಿನಲ್ಲಿ ಕೂತು, ಫೋನನ್ನು ಕಿವಿಯ ಎತ್ತರಕ್ಕೆ ಹಿಡಿದು ಒಂದೊಂದು ನಿಮಿಷದ ಸರಾಸರಿ ಬರೆದುಕೊಂಡಳು. ಗಾಜು ಮುಚ್ಚಿ, ಎ.ಸಿ. ಫ್ಯಾನ್ ಆಫ್ ಮಾಡಿ, ನಾಲ್ಕೂ ಟೈರಿಗೆ 33 ಪಿಎಸ್ಐ ಗಾಳಿ ಹಾಕಿಸಿ ಹೊರಟೆವು.

ನಿಂತಲ್ಲೇ ಎಂಜಿನ್ ಓಡುವಾಗ 45 ಡೆಸಿಬೆಲ್. ಶಾಂತಿಗ್ರಾಮದ ಕಡೆಯ ನಾಲ್ಕು ಪಥದ ಡಾಂಬರು ರಸ್ತೆಯಲ್ಲಿ 80ರ ವೇಗದಲ್ಲಿ 72. ಭಾನುವಾರ ಬೆಳಿಗ್ಗೆ ಇದಕ್ಕಾಗಿಯೇ ಶಿರಾಡಿ ಘಾಟಿಗೆ ಹೋಗಿ ಬಂದೆವು. ಅಲ್ಲಿ ಕಾಂಕ್ರೀಟಿನ ಮೇಲೆ 50ರಲ್ಲೇ 73.

ಇನ್ನೊಂದು ಅಳತೆ ಮಳೆಯದು. ನಮ್ಮ ಕಡೆ ಜೂನ್ ಬಂದರೆ ಕಾರಿನ ತಲೆ ಮೇಲೆ ಜಾಗಟೆ ಬಡಿದ ಹಾಗೆ. ಆದರೆ ಒಂದು ಮಳೆ ಇನ್ನೊಂದು ಮಳೆಯ ಥರ ಇರೋದಿಲ್ಲ, ಹೋಲಿಸೋದು ಹೇಗೆ? ಗಿಡಕ್ಕೆ ನೀರು ಹಾಕುವ ಪೈಪಿಗೆ ಶವರ್ ಮೂತಿ ಸಿಕ್ಕಿಸಿ, ಮೊದಲ ಮಹಡಿ ಬಾಲ್ಕನಿಯ ಕಂಬಿಗೆ ಕಟ್ಟಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಕೆಳಗೆ ಕಾರು ನಿಲ್ಲಿಸಿದೆ. ಒಳಗೆ 66. ಪಕ್ಕದ ಮನೆಯವರು ಗೇಟಿನಿಂದಲೇ, "ಏನ್ರೀ, ಕಾರಿಗೂ ಯುಗಾದಿ ಸ್ನಾನಾನಾ?" ಅಂದರು.

ಏಪ್ರಿಲ್ 14: ಹಳೇ ಪಾಪ ತೊಳೆಯುವುದು

ಇದನ್ನು ಬರೆಯೋಕೆ ನಾಚಿಕೆ. ಹೋದ ದಸರಾದಲ್ಲೇ ಒಂದು ಸಲ ಈ ಕೆಲಸಕ್ಕೆ ಕೈ ಹಾಕಿದ್ದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತಾರಸಿ ಸೋರಿದರೆ ಅಂಟಿಸುವ ಟೇಪ್ ಸಿಗುತ್ತಲ್ಲ, ಮೇಲೆ ಅಲ್ಯೂಮಿನಿಯಂ ಹಾಳೆ, ಕೆಳಗೆ ಕಪ್ಪು ಅಂಟು? ನೋಡೋಕೆ ಸದ್ದು ಇಳಿಸಲು ಕಾರಿನ ತಗಡಿಗೆ ಅಂಟಿಸುವ ಶೀಟಿನ ಥರವೇ ಇತ್ತು, ಬೆಲೆ ಅರ್ಧಕ್ಕಿಂತ ಕಡಿಮೆ. 1,100 ರೂ. ಕೊಟ್ಟು ಎರಡು ರೋಲ್ ತಂದು ಡಿಕ್ಕಿಯ ತಳಕ್ಕೆಲ್ಲ ಅಂಟಿಸಿದ್ದೆ. ಅಕ್ಟೋಬರಿನ ತಂಪಿಗೆ ಏನೂ ಗೊತ್ತಾಗಲಿಲ್ಲ.

ಮಾರ್ಚ್‌ನಲ್ಲಿ ಗೊತ್ತಾಯಿತು. ಬಿಸಿಲಲ್ಲಿ ಎರಡು ಗಂಟೆ ನಿಂತ ಕಾರಿನ ಬಾಗಿಲು ತೆಗೆದರೆ ರಸ್ತೆ ಹಾಕುವ ಕಡೆಯ ವಾಸನೆ. ಸ್ಟೆಪ್ನಿ ಗುಂಡಿಯ ಪಕ್ಕದಿಂದ ಕಪ್ಪು ಅಂಟು ಕರಗಿ ಎಳೆ ಎಳೆಯಾಗಿ ಇಳಿದಿತ್ತು. ಅಂಟು ಡಾಂಬರಿನದು. ಕಾರಿಗೆ ಬೇಕಾದದ್ದು ಬ್ಯುಟೈಲ್ ರಬ್ಬರಿನದು. ಟೇಪಿನ ಮೇಲೆ ಬರೆದಿದ್ದನ್ನು ಓದದೆ ತಂದದ್ದು ನಾನೇ.

ಕಿತ್ತು ತೆಗೆಯೋಕೆ ಇಡೀ ಭಾನುವಾರದ ಮಧ್ಯಾಹ್ನ ಹಿಡಿಯಿತು. ಬಿಸಿ ಇದ್ದಾಗ ಎಳೆದರೆ ಮೇಲಿನ ಹಾಳೆ ಮಾತ್ರ ಬರುತ್ತೆ, ಅಂಟು ತಗಡಿನ ಮೇಲೇ ಉಳಿಯುತ್ತೆ. ಮೀನಿನ ಅಂಗಡಿಯಿಂದ ಐಸ್ ತಂದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಹತ್ತು ನಿಮಿಷ ಅದರ ಮೇಲೆ ಇಟ್ಟೆ. ಗಟ್ಟಿಯಾದ ಮೇಲೆ ಪೇಂಟ್ ಕೆರೆಯುವ ಪಟ್ಟಿಯಿಂದ ತಳ್ಳಿದರೆ ತುಂಡು ತುಂಡಾಗಿ ಎದ್ದಿತು. ಉಳಿದ ಕಲೆಗೆ ಸೀಮೆಎಣ್ಣೆ ಬಟ್ಟೆ. ಆಮೇಲೆ ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಐಸು, ಸೀಮೆಎಣ್ಣೆ ಎಲ್ಲ ಸೇರಿ 260 ರೂ. ಕಾರಿಗೆ ಈಗ ಡಾಂಬರಿನ ಜೊತೆ ಸೀಮೆಎಣ್ಣೆ ವಾಸನೆ. ಮೇಲೆ ಒಂಚೂರು ಮೀನಿನದು.

ತಂದ ಸಾಮಾನು

ಬ್ಯುಟೈಲ್ ಶೀಟು, 2 ಮಿ.ಮೀ. ದಪ್ಪ, 50×80 ಸೆ.ಮೀ. ಅಳತೆಯವು 20. ಒಂದಕ್ಕೆ 480 ರೂಪಾಯಿಯಂತೆ 9,600. ತಕ್ಕಡಿಯಲ್ಲಿ ಇಟ್ಟು ನೋಡಿದೆ, ಒಂದೊಂದು 1.3 ಕೆ.ಜಿ. ಡಬ್ಬ ಎತ್ತಿ ಒಳಗೆ ಇಡುವಾಗ ಸೊಂಟ ಹಿಡಿಯಿತು. ನೀರು ಹೀರದ ಜಾತಿಯ ಫೋಮ್, ಹಿಂದೆ ಅಂಟು ಇರುವಂಥದ್ದು, 6 ಮಿ.ಮೀ., 4 ಮೀಟರ್, 2,200. ಸ್ಪಂಜಿನ ಥರ ನೀರು ಕುಡಿಯುವ ಫೋಮ್ ಅಗ್ಗಕ್ಕೆ ಸಿಗುತ್ತೆ, ಆದರೆ ಬಾಗಿಲೊಳಗೆ ಅದು ಒದ್ದೆ ಗೋಣಿಚೀಲ ಇಟ್ಟ ಹಾಗೆ. ತಗಡಿಗೆ ತುಕ್ಕು ಗ್ಯಾರಂಟಿ.

ಒತ್ತುವ ಚಿಕ್ಕ ರೋಲರ್ 250. ಕ್ಲಿಪ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿಗಳ ಸೆಟ್ 350. ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಲೀಟರ್ 320. ಕೈಗವಸು, ಕಟರ್ ಬ್ಲೇಡು, ಮಾಸ್ಕಿಂಗ್ ಟೇಪ್ 210. ಬಾಗಿಲಿನ ಕ್ಲಿಪ್ 40, ಎಂಟೆಂಟು ರೂಪಾಯಿಯಂತೆ 320. ಸ್ಪ್ಯಾನರು, ರಾಚೆಟ್ ಮನೆಯಲ್ಲೇ ಇದ್ದವು.

ಏಪ್ರಿಲ್ 20–21: ಮೊದಲ ಬಾಗಿಲು

ಡ್ರೈವರ್ ಬಾಗಿಲಿನಿಂದ ಶುರು. ಬ್ಯಾಟರಿಯ ಮೈನಸ್ ವೈರನ್ನು 10ರ ಸ್ಪ್ಯಾನರಿನಲ್ಲಿ ಬಿಚ್ಚಿದೆ. ಒಳಗಿನ ಹಿಡಿಯ ಹಿಂದೆ ಒಂದು ಸ್ಕ್ರೂ, ಕೈ ಇಡುವ ಕಡೆ ಎರಡು, ಅಂಚಿನಲ್ಲಿ ಒಂದು. ಉಳಿದಿದ್ದೆಲ್ಲ ಕ್ಲಿಪ್. ಪ್ಲಾಸ್ಟಿಕ್ ಪಟ್ಟಿ ಕೊಂಡಿದ್ದರೂ ಸೋಮಾರಿತನಕ್ಕೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ತೂರಿಸಿ ಎಬ್ಬಿಸಿದೆ. ಒಂಬತ್ತು ಕ್ಲಿಪ್ಪಿನಲ್ಲಿ ಏಳು ಮುರಿದವು. ಡೋರ್ ಪ್ಯಾಡಿನ, ಅಂದರೆ ಬಾಗಿಲಿನ ಒಳಗಡೆಯ ಹೊದಿಕೆಯ, ಅಂಚಿಗೆ ಒಂದು ಗಾಯ. ಅದು ದಿನಾ ಕೂರುವಾಗ ಮೊಣಕೈ ಪಕ್ಕದಲ್ಲೇ ಕಾಣುತ್ತೆ. ಉಳಿದ ಮೂರು ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯನ್ನೇ ಹಿಡಿದೆ. ಮೂರೂ ಸೇರಿ ಮುರಿದದ್ದು ಆರೇ.

ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ, ಸುತ್ತ ಕಪ್ಪು ಗೋಂದು. ಮಳೆ ನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯೋದು ಸಹಜ. ಅದು ಕಾರಿನೊಳಗೆ ಬರದ ಹಾಗೆ ತಡೆಯೋದು ಈ ಹಾಳೆ. ಹರಿಯಬಾರದು. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಬ್ಲೇಡನ್ನು ಗೋಂದಿನ ನಡುವೆ ಎಳೆಯುತ್ತಾ ಬಿಡಿಸಿದೆ. ಕೆಳಗಿನ ಅಂಚನ್ನು ಹಾಗೇ ಬಿಟ್ಟು ಹಾಳೆಯನ್ನು ಕೆಳಕ್ಕೆ ಮಡಚಿದೆ. ಈ ಒಂದು ಕೆಲಸ ಮಾತ್ರ ಮೊದಲ ಸಲವೇ ಸರಿಯಾಯಿತು.

ಈಗ ಹೊರಗಿನ ತಗಡಿನ ಒಳಮೈ. ಬೆರಳ ಗೆಣ್ಣಿನಿಂದ ಬಡಿದರೆ 'ಠಣ್'. ಹನ್ನೆರಡು ವರ್ಷದ ದೂಳು ಒರೆಸೋಕೆ ಆರು ಬಟ್ಟೆ ಬೇಕಾದವು. ಆಲ್ಕೋಹಾಲ್ ಆರಿದ ಮೇಲೆ ಶೀಟು ಕತ್ತರಿಸಿ, ತೂತುಗಳ ಮೂಲಕ ಕೈ ತೂರಿಸಿ ಅಂಟಿಸಿ ರೋಲರ್ ಎಳೆದೆ. ಮೇಲಿನ ಹಾಳೆಯ ಚುಕ್ಕಿ ಚುಕ್ಕಿ ಗುರುತು ಚಪ್ಪಟೆಯಾಗುವವರೆಗೆ ಒತ್ತಬೇಕು. ಅಲ್ಯೂಮಿನಿಯಂ ಅಂಚು ಬ್ಲೇಡಿಗಿಂತ ಹರಿತ. ಕೈಗವಸು ಬೆವರುತ್ತೆ ಅಂತ ಬಿಚ್ಚಿಟ್ಟೆ, ಐದು ನಿಮಿಷದಲ್ಲಿ ಉಂಗುರದ ಬೆರಳು ಕುಯ್ದುಕೊಂಡೆ. ಹೆಂಡತಿ ಬ್ಯಾಂಡೇಜ್ ಹಾಕುತ್ತಾ, "ಗ್ಯಾರೇಜಿನವರಿಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವೇನ್ರೀ?" ಅಂದಳು. ಉತ್ತರ ಕೊಡಲಿಲ್ಲ.

ಈ ಬಾಗಿಲಿಗೆ ಒಂದಿಂಚೂ ಬಿಡದೆ ಅಂಟಿಸಿದೆ. ಮೂರು ಶೀಟು ಹೋಯಿತು. ಬಡಿದರೆ 'ದೊಪ್', ಮರದ ಬಾಗಿಲಿನ ಹಾಗೆ. ಖುಷಿಯಾಯಿತು. ಬ್ಯಾಟರಿ ಜೋಡಿಸಿ ಗಾಜು ಇಳಿಸಿದೆ. ಕರ್ರ್ ಅಂತ ಸದ್ದು. ಮೇಲಿನ ಅಂಚಿನಲ್ಲಿ ಶೀಟು ಸ್ವಲ್ಪ ಎದ್ದು ಗಾಜಿಗೆ ತಾಗುತ್ತಿತ್ತು. ಮತ್ತೆ ಬಿಚ್ಚಿ, 4 ಸೆ.ಮೀ. ಪಟ್ಟಿ ಕತ್ತರಿಸಿ ತೆಗೆದೆ. ಪ್ಯಾಡ್ ಹಾಕುವ ಮೊದಲು ಗಾಜನ್ನು ಎರಡು ಸಲ ಇಳಿಸಿ ಏರಿಸಿ ನೋಡಿ. ನಾನು ಹಾಕಿದ ಮೇಲೆ ನೋಡಿದೆ.

ಏಪ್ರಿಲ್ 26: ಉಳಿದ ಮೂರು ಬಾಗಿಲು

ಲೋಕಸಭೆ ಚುನಾವಣೆಯ ರಜೆ. ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತು ಓಟು ಹಾಕಿ ಬಂದು, ಶಾಯಿ ಹಚ್ಚಿದ ಬೆರಳಲ್ಲೇ ಸ್ಪ್ಯಾನರ್ ಹಿಡಿದೆ.

ಎರಡನೇ ಬಾಗಿಲಿಗೆ ಒಂದು ಪರೀಕ್ಷೆ ಮಾಡಿದೆ. ಮೊದಲು ತಗಡಿನ ನಡುವೆ ಅರ್ಧ ಶೀಟು ಅಂಟಿಸಿ ಬಡಿದೆ. 'ಠಣ್' ಹೋಗಿ ಹೆಚ್ಚುಕಡಿಮೆ 'ದೊಪ್' ಬಂತು. ಇನ್ನೊಂದು ಸೇರಿಸಿದಾಗ ಪೂರ್ತಿ 'ದೊಪ್'. ಆಮೇಲೆ ಎಷ್ಟು ಅಂಟಿಸಿದರೂ ಸದ್ದಿನಲ್ಲಿ ವ್ಯತ್ಯಾಸವಿಲ್ಲ. ತಗಡು ಅದುರುವುದನ್ನು ನಿಲ್ಲಿಸೋಕೆ ಅಗಲವಾದ ಜಾಗದ ನಡುವೆ ಅರ್ಧದಷ್ಟು ಮುಚ್ಚಿದರೆ ಸಾಕು. ಮೊದಲ ಬಾಗಿಲಿಗೆ ಒಂದೂವರೆ ಶೀಟು, ಅಂದರೆ 720 ರೂ. ದಂಡ. ಇನ್ನು ಮೂರು ಬಾಗಿಲಿಗೆ ಒಂದೂವರೆ ಒಂದೂವರೆಯಂತೆ ನಾಲ್ಕೂವರೆಯಲ್ಲಿ ಮುಗಿಯಿತು.

ಹಿಂದಿನ ಬಾಗಿಲುಗಳಲ್ಲಿ ಗಾಜು ತಿರುಗಿಸುವ ಹಿಡಿ ಇದೆ. ಅದರ ಹಿಂದೆ ಒಂದು ತಂತಿಯ ಲಾಕು. ಹಳೇ ಬನಿಯನ್ ಬಟ್ಟೆಯನ್ನು ಹಿಡಿಯ ಹಿಂದೆ ತೂರಿಸಿ, ಬೂಟ್ ಪಾಲಿಶ್ ಮಾಡುವ ಹಾಗೆ ಆಚೆ ಈಚೆ ಎಳೆದರೆ ಲಾಕು ಟಪ್ ಅಂತ ಹಾರುತ್ತೆ. ಹಾರುತ್ತೆ ಅಂದರೆ ನಿಜವಾಗಿ ಹಾರುತ್ತೆ. ಒಂದನ್ನು ತುಳಸಿಕಟ್ಟೆ ಹತ್ತಿರ ಹುಡುಕಿ ತಂದೆವು.

ಲಾಕಿನ ಉದ್ದದ ಕಂಬಿಗಳು ಬಾಗಿಲೊಳಗೆ ತಗಡಿಗೆ ಬಡಿಯುತ್ತಿದ್ದವು. ಮಿಕ್ಕ ಫೋಮ್ ಚೂರುಗಳನ್ನು ಸುತ್ತಿದೆ. ಕಾಸು ಖರ್ಚಿಲ್ಲದೆ ಕಟಕಟ ನಿಂತಿತು.

ಸಂಜೆ ಶಾಂತಿಗ್ರಾಮದ ರಸ್ತೆಗೆ ಹೋದೆವು. 71. ಏಳೂವರೆ ಶೀಟು, ಮೂರು ದಿನ, ಒಂದು ಬೆರಳು, ಸಿಕ್ಕಿದ್ದು ಒಂದೇ ಡೆಸಿಬೆಲ್. ಬಾಗಿಲು ಹಾಕುವ ಸದ್ದು ಮಾತ್ರ ಭರ್ಜರಿ. ಡಬ್ಬದ ಮುಚ್ಚಳ ಹಾಕಿದ ಹಾಗಿದ್ದದ್ದು ಈಗ ಗಂಭೀರವಾಗಿದೆ. ಸ್ಪೀಕರಿನ ಸ್ವರವೂ ತುಂಬಿಕೊಂಡಿದೆ. ಹಾಡು ಕೇಳೋರಿಗೆ ಬಾಗಿಲ ಕೆಲಸ ಲಾಭ, ಹೆದ್ದಾರಿ ಸದ್ದಿಗೆ ಅಷ್ಟಕ್ಕಷ್ಟೇ.

ಏಪ್ರಿಲ್ 27–28: ಡಿಕ್ಕಿ, ಹಿಂದಿನ ಚಕ್ರದ ಗೂಡು

ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಗೂ ಕೂರುವ ಜಾಗಕ್ಕೂ ನಡುವೆ ಗೋಡೆ ಇಲ್ಲ. ಹಿಂದಿನ ಚಕ್ರದ ಸದ್ದು ನೇರ ಒಳಗೆ. ಹಿಂದಿನ ಸೀಟಿನ ಕೂರುವ ಭಾಗ ಎತ್ತಿ, ಪಕ್ಕದ ಪ್ಲಾಸ್ಟಿಕ್ ತೆಗೆದರೆ ಚಕ್ರದ ಗೂಡಿನ ಬರೀ ತಗಡು ಕಾಣುತ್ತೆ. ಅಲ್ಲಿ ಏನೂ ಇರಲಿಲ್ಲ, ಪೇಂಟ್ ಬಿಟ್ಟರೆ.

ಗೂಡು ಗುಂಡಗಿರೋದರಿಂದ ದೊಡ್ಡ ಶೀಟು ಸುಕ್ಕಾಗುತ್ತೆ. ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಹೆಂಚು ಹೊದಿಸಿದ ಹಾಗೆ ಅಂಟಿಸಿದೆ. ಮೇಲೆ 6 ಮಿ.ಮೀ. ಫೋಮ್. ಸ್ಟೆಪ್ನಿ ಗುಂಡಿಗೆ ಒಂದು ಶೀಟು, ಡಿಕ್ಕಿ ಬಾಗಿಲಿಗೆ ಅರ್ಧ. ಒಟ್ಟು ನಾಲ್ಕು. ಡಾಂಬರು ಟೇಪಿನ ಕಲೆ ಇದ್ದ ಒಂದು ಮೂಲೆಯಲ್ಲಿ ಮಾರನೇ ದಿನವೇ ಶೀಟು ಎದ್ದಿತ್ತು. ಸೀಮೆಎಣ್ಣೆಯ ಜಿಡ್ಡು ಉಳಿದಿತ್ತು. ಸೋಪಿನಲ್ಲಿ ಮತ್ತೆ ತೊಳೆದು, ಆಲ್ಕೋಹಾಲಿನಲ್ಲಿ ಎರಡು ಸಲ ಒರೆಸಿ, ಹೊಸ ತುಂಡು ಹಾಕಿದೆ.

ಅಳತೆ: 70. ಅಂಕಿಗಿಂತ ಕಿವಿಗೆ ಜಾಸ್ತಿ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಸಣ್ಣ ಕಲ್ಲು ಚಕ್ರದ ಗೂಡಿಗೆ ಬಡಿಯುವ ಚಟಚಟ ಹೋಯಿತು.

ಮೇ 4–5: ಫ್ಲೋರು, ಮತ್ತೆ ಆ ತೂತು

ಮುಂದಿನ ಸೀಟಿಗೆ ನಾಲ್ಕು ನಾಲ್ಕು ಬೋಲ್ಟು, 14ರ ಸಾಕೆಟ್. ಒಂದು ಜಾಮ್ ಆಗಿತ್ತು, ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ಸೀಟಿನ ಕೆಳಗೆ ವೈರ್ ಇದ್ದರೆ ಎತ್ತುವ ಮೊದಲು ಕನೆಕ್ಟರ್ ಬಿಡಿಸಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿಗೋ ಬೆಲ್ಟಿಗೋ ಸೇರಿದ್ದು, ಗೊತ್ತಿಲ್ಲದೆ ಮುಟ್ಟಬೇಡಿ. ನನ್ನ ಕಾರಿನಲ್ಲಿ ಆ ರಗಳೆ ಇರಲಿಲ್ಲ.

ಮ್ಯಾಟಿಂಗ್ ಎತ್ತಿದಾಗ ಸಿಕ್ಕಿದ್ದು: 43 ರೂಪಾಯಿ ಚಿಲ್ಲರೆ, ಮಗಳ ಎಲ್‌ಕೆಜಿ ಕಾಲದ ಹೇರ್ ಕ್ಲಿಪ್, ಧರ್ಮಸ್ಥಳದ ಕುಂಕುಮದ ಪೊಟ್ಟಣ. ಎಡಗಡೆ ಮ್ಯಾಟಿಂಗಿನ ಅಡಿ ಒದ್ದೆಯಾಗಿತ್ತು.

ಫ್ಲೋರಿನಲ್ಲಿ ಕಂಪನಿಯವರೇ ಹಾಕಿದ ಗಟ್ಟಿ ಡಾಂಬರಿನ ಹಲಗೆಗಳು ಅಲ್ಲಲ್ಲಿ ಇದ್ದವು. ಫ್ಯಾಕ್ಟರಿಯಲ್ಲಿ ಬಿಸಿ ಮಾಡಿ ಕೂರಿಸಿದವು, ನನ್ನ ಟೇಪಿನ ಹಾಗೆ ಇಳಿಯೋದಿಲ್ಲ. ಅವನ್ನು ಕೀಳಬೇಕಿಲ್ಲ. ಅವು ಇಲ್ಲದ ಕಡೆ, ಬಡಿದರೆ ಠಣ್ ಅನ್ನುವ ಕಡೆ ಮಾತ್ರ ಎರಡು ಶೀಟು ಸಾಕಾಯಿತು.

ಒದ್ದೆ ಎಲ್ಲಿಂದ ಅಂತ ಹುಡುಕುತ್ತಾ ಎಡಗಡೆ ಡ್ಯಾಶ್‌ಬೋರ್ಡಿನ ಅಡಿ ಮಲಗಿದೆ. ಎಂಜಿನ್ನಿಗೂ ಕಾರಿನೊಳಗಿಗೂ ನಡುವಿನ ತಗಡಿನ ಗೋಡೆಯಲ್ಲಿ ಬೆಳಕು ಕಂಡಿತು. ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಅದರೊಳಗೆ ಒಂದು ಕೆಂಪು ವೈರು ಜೋತಾಡುತ್ತಿತ್ತು. ನೆನಪಾಯಿತು. 2016ರಲ್ಲಿ ಜೋರಾದ ಹಾರನ್ ಹಾಕಿಸಿದ್ದೆ. ಹಾಕಿದವನು ತೂತು ಮುಚ್ಚುವ ರಬ್ಬರ್ ಬಿರಡೆ, ಅಂದರೆ ಗ್ರೊಮೆಟ್, ಕಿತ್ತು ವೈರು ತೂರಿಸಿ, ವಾಪಸ್ ಹಾಕಿರಲಿಲ್ಲ. ಎಂಟು ವರ್ಷದಿಂದ ಎಂಜಿನ್ ಸದ್ದು, ಬಿಸಿ ಗಾಳಿ, ಮಳೆ ನೀರು ಮೂರೂ ಆ ತೂತಿನಿಂದ ಒಳಗೆ. ಮುಂದಿನ ಸೀಟಿನಲ್ಲಿ ಕೂತ ಹೆಂಡತಿ, "ಕಾಲ ಹತ್ರ ಬಿಸಿ ಬರುತ್ತೆ" ಅಂತ ಎಷ್ಟೋ ಸಲ ಹೇಳಿದ್ದಳು. ಎ.ಸಿ. ಗ್ಯಾಸ್ ಕಡಿಮೆ ಇರಬೇಕು ಅಂತ ನಾನೇ ಸಮಜಾಯಿಷಿ ಕೊಟ್ಟಿದ್ದೆ.

ಆಟೊಮೊಬೈಲ್ ಅಂಗಡಿಯಲ್ಲಿ ಮೂರು ಅಳತೆಯ ಗ್ರೊಮೆಟ್ ತಂದೆ, 60 ರೂ. ನಡುವಿನದು ಸರಿಯಾಗಿ ಕೂತಿತು. ವೈರಿನ ಸುತ್ತ ಬ್ಯುಟೈಲ್ ಚೂರು ಒತ್ತಿದೆ. ಮ್ಯಾಟಿಂಗನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕು ಹಿಡಿದ ಜಾಗ ಉಜ್ಜಿ ಪ್ರೈಮರ್ ಹಚ್ಚಿ, ಆಮೇಲೆ ಎಲ್ಲ ಜೋಡಿಸಿದೆ. ಸೀಟಿನ ಬೋಲ್ಟು ಮೊದಲು ನಾಲ್ಕನ್ನೂ ಕೈಯಲ್ಲೇ ಕೂರಿಸಿ ಆಮೇಲೆ ಬಿಗಿ ಮಾಡಿ. ಒಂದನ್ನೇ ಬಿಗಿ ಮಾಡಿದರೆ ನಾಲ್ಕನೆಯದು ತೂತಿಗೆ ಕೂರೋದೇ ಇಲ್ಲ.

ಅಳತೆ: 69. ಫ್ಲೋರಿನ ಶೀಟಿನಿಂದಲೋ ಗ್ರೊಮೆಟ್ಟಿನಿಂದಲೋ? ಅನುಮಾನ ಬಿಡಲಿಲ್ಲ. ಮುಂದಿನ ವಾರ ಗ್ರೊಮೆಟ್ ಮಾತ್ರ ತೆಗೆದು ಅದೇ ರಸ್ತೆಗೆ ಹೋದೆ. ಮತ್ತೆ 70, ಗೇರು ಇಳಿಸಿ ಏರು ಹತ್ತುವಾಗ ಎಂಜಿನ್ನಿನ ಗುಂಯ್ ಕಾಲ ಹತ್ತಿರ ವಾಪಸ್. ಇಪ್ಪತ್ತು ರೂಪಾಯಿಯ ರಬ್ಬರು ನಾಲ್ಕು ಬಾಗಿಲಿನ ಏಳೂವರೆ ಶೀಟಿನಷ್ಟೇ ಕೆಲಸ ಮಾಡಿತ್ತು.

ಮೇ 11: ಮದುವೆ ಕಾರ್ಡು ಹಿಡಿದು ಬೀಡಿಂಗ್ ಪರೀಕ್ಷೆ

ತೂತು ಸಿಕ್ಕ ಮೇಲೆ ತಲೆ ಓಡಿತು. ಗಾಳಿ ಇನ್ನೆಲ್ಲಿ ನುಗ್ಗುತ್ತಿದೆ? ಹಳೇ ಮದುವೆ ಕಾರ್ಡನ್ನು ಎರಡು ಬೆರಳಗಲದ ಪಟ್ಟಿ ಮಾಡಿ, ಬಾಗಿಲಿಗೂ ಅದರ ಸುತ್ತ ಗಾಳಿ ತಡೆಯುವ ರಬ್ಬರ್ ಪಟ್ಟಿಗೂ, ಅಂದರೆ ಬೀಡಿಂಗಿಗೂ, ನಡುವೆ ಇಟ್ಟು ಬಾಗಿಲು ಹಾಕಿ ಎಳೆದೆ. ಬಿಗಿಯಾಗಿ ಬಂದರೆ ಸರಿ. ಡ್ರೈವರ್ ಬಾಗಿಲಿನ ಮೇಲಿನ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಎಡಗಡೆ ಹಿಂದಿನದೂ ಅಷ್ಟೇ. ರಬ್ಬರು ಚಪ್ಪಟೆಯಾಗಿ, ಗಟ್ಟಿಯಾಗಿ ಹೋಗಿತ್ತು.

ನಾಲ್ಕಕ್ಕೂ ಹೊಸ ಬೀಡಿಂಗ್, ಒಂದಕ್ಕೆ 550ರಂತೆ 2,200. ಹಳೆಯದನ್ನು ಎಳೆದರೆ ಬರುತ್ತೆ, ಹೊಸದನ್ನು ಅಂಗೈಯಿಂದ ಗುದ್ದಿ ಕೂರಿಸಬೇಕು. ಜೋಡಣೆ ಬಾಗಿಲಿನ ಕೆಳಭಾಗಕ್ಕೆ ಬರಲಿ. ಮೊದಲ ಬಾಗಿಲಿಗೆ ಮೇಲಿನಿಂದ ಶುರು ಮಾಡಿದ್ದೆ, ಜೋಡಣೆ ತಲೆ ಹತ್ತಿರ ಬಂದು ಸುಂಯ್ ಅಂತ ಶಿಳ್ಳೆ. ಬಿಚ್ಚಿ ತಿರುಗಿಸಿ ಹಾಕಿದೆ. ನಾಲ್ಕಕ್ಕೂ ಸೇರಿ ಒಂದು ಗಂಟೆ. ಬಾಗಿಲು ಮೊದಲ ವಾರ ಜೋರಾಗಿ ಹಾಕಬೇಕಾಯಿತು, ಆಮೇಲೆ ರಬ್ಬರು ಹದಕ್ಕೆ ಬಂತು.

ಅಳತೆ: 67. ಒಂದು ಗಂಟೆಯ ಕೆಲಸಕ್ಕೆ ಎರಡು ಡೆಸಿಬೆಲ್. ಇಡೀ ಕೆಲಸ ಮತ್ತೆ ಮಾಡೋದಾದರೆ ಮೊದಲು ಬೀಡಿಂಗು, ಗ್ರೊಮೆಟ್ಟು. ಆಮೇಲೆ ಚಕ್ರದ ಗೂಡು. ಬಾಗಿಲು ಕೊನೆಗೆ, ಅದೂ ಶೀಟು ಮಿಕ್ಕಿದ್ದರೆ. ನಾನು ಸರಿಯಾಗಿ ಉಲ್ಟಾ ಮಾಡಿದ್ದೆ. ಯಾಕೆಂದರೆ ಬಾಗಿಲು ಬಿಚ್ಚೋದನ್ನು ವಿಡಿಯೋಗಳಲ್ಲಿ ನೋಡಿದ್ದೆ, ಬೀಡಿಂಗ್ ಬದಲಾಯಿಸೋದನ್ನು ಯಾರೂ ವಿಡಿಯೋ ಮಾಡೋದಿಲ್ಲ.

ಮೇ 18–19: ತಲೆ ಮೇಲಿನ ತಗಡು

ರೂಫ್ ಲೈನಿಂಗ್, ಅಂದರೆ ತಲೆ ಮೇಲಿನ ತಗಡಿನ ಒಳಹೊದಿಕೆ, ಇಳಿಸೋದು ಒಬ್ಬರ ಕೆಲಸವಲ್ಲ. ಟಿಂಕರಿಂಗ್ ಕೆಲಸ ಮಾಡುವ ಪರಿಚಯದ ಭಾಯ್‌ಗೆ ಅರ್ಧ ದಿನಕ್ಕೆ 600 ರೂ. ಕೊಟ್ಟು ಕರೆದೆ. ಸನ್ ವೈಸರು, ಹಿಡಿಗಳು, ಲೈಟು, ಕಂಬಗಳ ಪ್ಲಾಸ್ಟಿಕ್ಕು, ಬೆಲ್ಟಿನ ಮೇಲಿನ 17ರ ಬೋಲ್ಟು, ಇಷ್ಟೂ ಬಿಚ್ಚಬೇಕು. ಮುಂದಿನ ಸೀಟು ಪೂರ್ತಿ ಮಲಗಿಸಿ, ಲೈನಿಂಗನ್ನು ಡಿಕ್ಕಿ ಬಾಗಿಲಿನಿಂದ ಹೊರಗೆ ಎಳೆಯೋದು. ಭಾಯ್, "ಸಾರ್, ನಿಧಾನ, ಬಗ್ಗಿಸಬೇಡಿ" ಅನ್ನುವಷ್ಟರಲ್ಲಿ ನಾನು ಬಗ್ಗಿಸಿಯಾಗಿತ್ತು. ಎಡಗಡೆ ಹಿಂದೆ ಒಂದು ಗೇಣುದ್ದದ ಮಡಿಕೆ ಬಿತ್ತು. ಈಗಲೂ ಇದೆ.

ರೂಫಿಗೆ ಭಾರ ಜಾಸ್ತಿ ಹಾಕಬಾರದು. ಮೂರೂವರೆ ಶೀಟು ಮಾತ್ರ, ಅಡ್ಡಪಟ್ಟಿಗಳ ನಡುವಿನ ಬಯಲು ಜಾಗಕ್ಕೆ. ನಾಲ್ಕೂವರೆ ಕೆ.ಜಿ. ಆಯಿತು. ಬೆಳಿಗ್ಗೆ ಏಳಕ್ಕೆ, ತಗಡು ತಂಪಿರುವಾಗ ಅಂಟಿಸಿದ ಮೊದಲ ಶೀಟಿನ ಅಂಚು ಹತ್ತು ಗಂಟೆಗೆ ಜೋತುಬಿತ್ತು. ಉಳಿದವನ್ನು ಕಾರನ್ನು ಅರ್ಧ ಗಂಟೆ ಬಿಸಿಲಿಗೆ ಬಿಟ್ಟು, ಮತ್ತೆ ನೆರಳಿಗೆ ತಂದು, ಬೆಚ್ಚಗಿರುವಾಗ ಅಂಟಿಸಿದೆ. ಅವು ಗಟ್ಟಿ ಹಿಡಿದವು. ತಲೆ ಮೇಲೆತ್ತಿ ರೋಲರ್ ಒತ್ತಿ ಒತ್ತಿ ಎರಡು ದಿನ ಕತ್ತು ತಿರುಗಿಸೋಕೆ ಆಗಲಿಲ್ಲ. ಬೆಲ್ಟಿನ ಬೋಲ್ಟನ್ನು ಭಾಯ್ ಕೈಯಿಂದಲೇ ಬಿಗಿ ಮಾಡಿಸಿದೆ. ಅದರಲ್ಲಿ ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

80ರ ವೇಗದ ಅಳತೆ ಅದೇ 67. ಬದಲಾವಣೆ ಇಲ್ಲ. ಆದರೆ ಬಾಲ್ಕನಿಯ ಪೈಪು ಬಿಟ್ಟು ಒಳಗೆ ಕೂತಾಗ 66 ಇದ್ದದ್ದು 59! ಚಟಪಟ ಹೋಗಿ ಕಂಬಳಿ ಮೇಲೆ ನೀರು ಬಿದ್ದ ಹಾಗೆ. ಮಗಳು ನಲ್ಲಿ ಪೂರ್ತಿ ತಿರುಗಿಸಿಲ್ಲ ಅಂದುಕೊಂಡು ಎರಡು ಸಲ ಇಳಿದು ಹೋಗಿ ನೋಡಿದೆ.

ಲೆಕ್ಕ: 20ರಲ್ಲಿ 17 ಶೀಟು ಖರ್ಚಾಯಿತು, ಕಾರಿನ ಭಾರ ಸುಮಾರು 22 ಕೆ.ಜಿ. ಏರಿತು, ಫೋಮ್ ಬೇರೆ. ದುಡ್ಡು ಒಟ್ಟು 16,110 ರೂ. ಡಾಂಬರು ಟೇಪಿನ ಪ್ರಾಯಶ್ಚಿತ್ತ ಸೇರಿಸಿದರೆ 17,470.

ಜೂನ್: ಬಾಗಿಲೊಳಗೆ ಹೊಳೆ

ಮುಗಿಯಿತು ಅಂದುಕೊಂಡಿದ್ದೆ. ಜೂನ್ ಎರಡನೇ ವಾರ, ಜೋರು ಮಳೆಯ ಮಾರನೇ ಬೆಳಿಗ್ಗೆ ಬ್ರೇಕ್ ಹಾಕಿದರೆ ಹಿಂದಿನಿಂದ 'ಗುಳುಗುಳು'. ಮತ್ತೆ ಹೊರಟರೆ 'ಗುಳುಗುಳು'. ಮಗಳ ನೀರಿನ ಬಾಟಲಿ ಇರಬೇಕು ಅಂತ ಸೀಟಿನ ಕೆಳಗೆಲ್ಲ ಹುಡುಕಿದೆ. ಸದ್ದು ಬರುತ್ತಿದ್ದದ್ದು ಎಡಗಡೆ ಹಿಂದಿನ ಬಾಗಿಲಿನೊಳಗಿಂದ.

ಬಾಗಿಲಿನ ತಳದಲ್ಲಿ ನೀರು ಹೋಗೋಕೆ ಸಣ್ಣ ಸಣ್ಣ ತೂತುಗಳಿರುತ್ತವೆ. ಅವನ್ನು ಮುಚ್ಚಬಾರದು ಅಂತ ನನಗೆ ಗೊತ್ತಿತ್ತು. ಮೂರು ಬಾಗಿಲಿನಲ್ಲಿ ನೋಡಿಕೊಂಡೇ ಅಂಟಿಸಿದ್ದೆ. ನಾಲ್ಕನೆಯದು ಚುನಾವಣೆ ದಿನ ಸಂಜೆ, ಬೆಳಕು ಇಳಿದ ಮೇಲೆ, 'ಬೇಗ ಮುಗಿಸೋಣ' ಅಂತ ಮಾಡಿದ್ದು. ಶೀಟಿನ ಕೆಳ ಅಂಚು ಎರಡೂ ತೂತಿನ ಮೇಲೆ ಕೂತಿತ್ತು.

ಹೊರಗಿನಿಂದ ಚಿಕ್ಕ ಸ್ಕ್ರೂಡ್ರೈವರ್ ತೂರಿಸಿ ಚುಚ್ಚಿದೆ. ನೀರು ಚಿಮ್ಮಿ ತೋಳಿನೊಳಗೆಲ್ಲ ಹರಿಯಿತು. ಕೆಳಗೆ ಇಟ್ಟ ಚೊಂಬು ತುಂಬಿ ಇನ್ನೂ ಬಂತು. ಆಮೇಲೆ ಪ್ಯಾಡ್ ಬಿಚ್ಚಿ, ತಳದಿಂದ ಮೂರು ಬೆರಳಗಲ ಶೀಟನ್ನು ಕತ್ತರಿಸಿ ತೆಗೆದೆ. ಎರಡು ವಾರ ನೀರು ನಿಂತಿದ್ದರೆ ಸ್ಪೀಕರ್ ಹೋಗುತ್ತಿತ್ತು, ಒಂದು ಮಳೆಗಾಲ ನಿಂತಿದ್ದರೆ ಬಾಗಿಲೇ. ಈಗ ಕಾರು ತೊಳೆದಾಗಲೆಲ್ಲ ನಾಲ್ಕೂ ಬಾಗಿಲಿನ ತಳದಿಂದ ನೀರು ತೊಟ್ಟಿಕ್ಕುತ್ತಿದೆಯಾ ಅಂತ ಬಗ್ಗಿ ನೋಡೋದು ಅಭ್ಯಾಸವಾಗಿದೆ.

ಆಗಸ್ಟ್ 15: ಮತ್ತೆ ಘಾಟಿ

ಜುಲೈನಲ್ಲಿ ಗುಡ್ಡ ಜರಿದು ಶಿರಾಡಿಯಲ್ಲಿ ಓಡಾಟವೇ ಕಷ್ಟವಾಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾದಿನಿ ಕರೆದಿದ್ದರಿಂದ ಹಿಂದಿನ ದಿನ ಹೊರಟೆವು. ಅದೇ ನಾಲ್ಕು ಜನ.

ಕಾಂಕ್ರೀಟಿನ ಮೇಲೆ 50ರಲ್ಲಿ 73 ಇದ್ದದ್ದು 70. ಗಿರಣಿ ನಿಂತಿಲ್ಲ, ಪಕ್ಕದ ಬೀದಿಗೆ ಹೋಗಿದೆ ಅಷ್ಟೇ. ಟೈರುಗಳು ಐದು ವರ್ಷ ಹಳೆಯವು, ರಬ್ಬರು ಕಲ್ಲಾಗಿದೆ. ಉಳಿದ ಸದ್ದು ಅಲ್ಲಿಂದಲೇ ಅಂತ ನನ್ನ ಅಂದಾಜು. ಅವನ್ನು ಬದಲಾಯಿಸುವವರೆಗೆ ಮಿಕ್ಕ ಮೂರು ಶೀಟು ಅಟ್ಟದ ಮೇಲಿರಲಿ. ಇನ್ನೊಂದು ಹೊಸ ತಲೆನೋವು, ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಒಂದು ಟಿಕ್ ಟಿಕ್. ಮೊದಲೂ ಇತ್ತೇನೋ, ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಗ್ಲೌವ್ ಬಾಕ್ಸಿನ ಅಂಚಿಗೆ ಫೋಮ್ ಅಂಟಿಸಿದೆ, ಹೋಗಲಿಲ್ಲ.

ಮಾರನಹಳ್ಳಿ ದಾಟಿದ ಮೇಲೆ ಹಿಂದಿನಿಂದ ಮಾವನವರ ದನಿ. "ಅಳಿಯಂದ್ರೇ, ಸ್ವಲ್ಪ ನಿಲ್ಲಿಸ್ತೀರಾ?" ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸಿತು. ಮುಂದೆ ಟ್ಯಾಂಕರು, ಹಿಂದೆ ಟ್ಯಾಂಕರು, ಪಕ್ಕದಲ್ಲಿ ಕೆಸರು. ನಿಲ್ಲಿಸೋಕೆ ಜಾಗ ಸಿಕ್ಕಿದ್ದು ಗುಂಡ್ಯದಲ್ಲೇ.